ತೊಳೆಯದ ಏಪ್ರನ್

ಸಾಫಿ,
ಜನವರಿ ೨೨

ಬತೂಲ್ ಅಕ್ಕನಿಗೆ ಮಹ್ಜೂಬಾಳ ಸಲಾಮು. ನಿಮ್ಮ ಮನೆಯ ಚಹಾ ಕೆಟಲಿ ಎಂದೂ ಆರದಿರಲಿ. ಮಗಳು ಹನಿಯಾ ಸಲಾಮು ಹೇಳುವವಳಲ್ಲ, ನಿಮಗೆ ಗೊತ್ತು. ಈ ಕಾಗದದ ಮೂಲೆಯನ್ನು ಮೂಸಿ ನೋಡಿ ಬಿಟ್ಟಿದ್ದಾಳೆ. ಅದನ್ನೇ ಅವಳ ಸಲಾಮು ಅಂದುಕೊಳ್ಳಿ.

ನಿಮ್ಮ ಪತ್ರ ಬಂತು. ಅಲ್ ಜದೀದಾದ ನರ್ಸಿಂಗ್ ಶಾಲೆಗೆ ಗುರುವಾರ ಬಾ, ನಮ್ಮ ಹುಡುಗಿಯರ ಮುಂದೆ ನಿಂತು ಮಾತಾಡು, ಆಟಿಸಂ ಇರುವ ಮಗುವಿನ ತಾಯಿಗೆ ಒಬ್ಬ ನರ್ಸ್ ಹೇಗೆ ಆಸರೆಯಾಗಬಹುದು ಎಂದು ಪುಸ್ತಕದಲ್ಲಿ ಒಂದು ಪಾಠವಿದೆ, ಅದನ್ನು ನಾನು ಮಾಡುವುದಕ್ಕಿಂತ ನೀನು ಮಾಡಿದರೆ ಸರಿ ಎಂದು ಬರೆದಿದ್ದೀರಿ. ಬರಲಾಗುವುದಿಲ್ಲ ಅಕ್ಕ. ದೋಣಿಗಳು ಬಂದಿವೆ, ಬೂತಾಯಿ ಮೀನು ರಾಶಿ ಬಿದ್ದಿದೆ, ಕಾರ್ಖಾನೆಯ ಮೇಸ್ತ್ರಿ ರಜೆ ಕೊಡುವುದಿಲ್ಲ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ನೀವೇ ಓದಿ ಹೇಳಿ. ನಮ್ಮ ಕಾರ್ಮಿಕ ಸಂಘದ ಕೋಣೆಯಲ್ಲಿ ಕಲಿತ ಅಕ್ಷರ ಇದು, ಸೊಟ್ಟಗಿದೆ. ಆದರೆ ಬೈಗುಳ ಬಂದ ಕಡೆ ಬಿಟ್ಟು ಓದಬೇಡಿ. ಸಂಘದಲ್ಲಿ ನಮಗೆ ಮೊದಲು ಕಲಿಸಿದ್ದೇ ಅದು, ಕೂಗುವಾಗ ಅರ್ಧ ಕೂಗಬಾರದು.

ನಿಮಗಿಂತ ಮುಂಚೆ ನಾನು ಕಂಡ ಬಿಳಿ ಕೋಟುಗಳಿಂದ ಶುರುಮಾಡುತ್ತೇನೆ.

ಹನಿಯಾಳಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ಅವಳು ನೆಲಕ್ಕೆ ಬಿದ್ದು ಕಿರುಚಿದಳು. ಕಿಟಕಿಯ ಹಿಂದಿನ ನರ್ಸ್, "ಬಾಯ್ ಮುಚ್ಚಿಸಮ್ಮ ಅದಕ್ಕೆ! ಇದೇನ್ ಆಸ್ಪತ್ರೆನಾ ಕುರಿಸಂತೆನಾ?" ಅಂದಳು. ಅದಕ್ಕೆ! ನನ್ನ ಮಗಳು ಅವಳ ಬಾಯಲ್ಲಿ 'ಅದು' ಆಗಿದ್ದಳು. ಇನ್ನೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಸುರಿಲಿ ಏನ್ ತಿಂದೆ? ಯಾವುದ್ಕಾದ್ರೂ ಹೆದರ್ಕೊಂಡಿದ್ಯಾ?" ಎಂದು ವಿಚಾರಣೆ ಮಾಡಿದಳು. ಮೂರನೆಯವಳದು ಸಕ್ಕರೆಯಂಥ ದನಿ: "ಮಗು ಜೊತೆ ಕೂತು ಮಾತಾಡ್ಬೇಕು ಕಣಮ್ಮ. ಟೀವಿ ಮುಂದೆ ಬಿಸಾಕಿ ಹೋದ್ರೆ ಹೀಗೇ ಆಗೋದು." ನಮ್ಮ ಮನೆಯಲ್ಲಿ ಆಗ ಟೀವಿಯೇ ಇರಲಿಲ್ಲ. ಕಡೆಗೆ ದೊಡ್ಡ ಊರಿನ ಡಾಕ್ಟರು ಆ ಕಾಯಿಲೆಯ ಹೆಸರನ್ನು ಫ್ರೆಂಚಿನಲ್ಲಿ ಹೇಳಿದ. ನನಗಲ್ಲ, ಮುಂದಿದ್ದ ಚೀಟಿಗೆ ಹೇಳಿದ. ಆಮೇಲೆ ಬಾಗಿಲ ಕಡೆ ನೋಡಿ "ಮುಂದಿನೋರು" ಅಂದ.

ಕಾರ್ಖಾನೆಯಲ್ಲಿ ಒಂದು ಡಬ್ಬಿ ಮೀನು ಕೆಟ್ಟರೆ ಮೇಸ್ತ್ರಿ ಮೊದಲು ಕೇಳುವುದು, ಇದು ಯಾವಳ ಮೇಜಿನದು? ಆಸ್ಪತ್ರೆಯಲ್ಲೂ ಅದೇ ಪ್ರಶ್ನೆ. ಮಗು ಸರಿಯಿಲ್ಲ. ಯಾವಳ ಮೇಜಿನದು? ನನ್ನದು. ಅತ್ತೆ ಕೇಳಿದಳು, ಓಣಿ ಕೇಳಿತು, ಸರ್ಕಾರ ಸಂಬಳ ಕೊಟ್ಟು ಸಾಕಿದ ಬಿಳಿ ಕೋಟುಗಳೂ ಕೇಳಿದವು. ಉತ್ತರ ಕೊಟ್ಟೂ ಕೊಟ್ಟೂ ನನಗೇ ನಂಬಿಕೆ ಬಂದುಬಿಟ್ಟಿತ್ತು.

ಹಾಗಿದ್ದಾಗ ನೀವು ನಮ್ಮ ಓಣಿಯ ತುದಿಯ ಆಸ್ಪತ್ರೆಗೆ ಬಂದಿರಿ. ಮೊದಲ ದಿನ ನೀವು ಹನಿಯಾಳನ್ನು ಮುಟ್ಟಲಿಲ್ಲ. ಅವಳು ಕಿವಿ ಮುಚ್ಚಿಕೊಂಡು ಗೋಡೆ ಕಡೆ ತಿರುಗಿದ್ದಳು. ನೀವು ಒಂದು ಕ್ಷಣ ಸುಮ್ಮನೆ ನಿಂತು ಕೇಳಿಸಿಕೊಂಡಿರಿ, ಆಮೇಲೆ ಹೋಗಿ ಟ್ಯೂಬ್‌ಲೈಟು ಆರಿಸಿದಿರಿ. ಅದು ಗುಂಯ್ ಅನ್ನುತ್ತಿತ್ತು ಎನ್ನುವುದು ಆರಿದ ಮೇಲೆ ನನಗೆ ಗೊತ್ತಾಯಿತು. ಎರಡು ಕುರ್ಚಿ ಎಳೆದುಕೊಂಡು ಹಿತ್ತಲ ಅಂಜೂರದ ಮರದ ಕೆಳಗೆ ಹಾಕಿ, "ಕೂತ್ಕೊ ಲಲ್ಲಾ ಮಹ್ಜೂಬಾ. ಊಟ ಆಯ್ತಾ?" ಅಂದಿರಿ.

ಲಲ್ಲಾ! ದೊಡ್ಡ ಮನೆಯ ಹೆಂಗಸರನ್ನು ಕರೆಯುವ ಮಾತು ಅದು. ಮೀನಿನ ಕರುಳು ಬಗೆಯುವವಳನ್ನು ಈ ಊರಲ್ಲಿ ಯಾರೂ ಹಾಗೆ ಕರೆದವರಲ್ಲ. ಗೇಲಿ ಮಾಡುತ್ತಿದ್ದಾರೆ ಅನ್ನಿಸಿ ನಾನು ಉರಿದುಬಿದ್ದೆ. "ನನ್ನ ಊಟ ಕಟ್ಕೊಂಡು ನಿಮಗೇನು? ನಾನ್ ಬಂದಿರೋದು ಮಗು ತೋರ್ಸೋಕೆ."

ನೀವು ಕೋಪ ಮಾಡಲಿಲ್ಲ. "ಮಗುನ ನೀನು ನೋಡ್ಕೊತಿದೀಯ. ನಿನ್ನ ಯಾರ್ ನೋಡ್ಕೊತಿದಾರೆ?" ಅಂದಿರಿ. ನಿಮ್ಮ ಡಬ್ಬಿಯ ರೊಟ್ಟಿ ಮುರಿದು, ಆಲಿವ್ ಕಾಯಿಯ ಜೊತೆ ನನ್ನ ಕೈಗಿಟ್ಟಿರಿ. ಅಳುತ್ತಾ ತಿಂದೆ. ಹನಿಯಾ ಆಲಿವ್ ಬೀಜಗಳನ್ನು ಆಯ್ದು ಕುರ್ಚಿಯ ಕಾಲಿನ ಸುತ್ತ ಸಾಲು ಇಟ್ಟಳು. ಅವತ್ತು ನೀವು ಮಾಡಿದ ವೈದ್ಯ ಇಷ್ಟೇ. ಹುಡುಗಿಯರಿಗೆ ಇದು ಚಿಕ್ಕದಾಗಿ ಕಂಡರೆ, ಎಲ್ಲರ ಕೈಲೂ ಬೈಸಿಕೊಂಡು ಖಾಲಿ ಹೊಟ್ಟೆಯಲ್ಲಿ ಸರ್ಕಾರಿ ಸಾಲಿನಲ್ಲಿ ಒಮ್ಮೆ ನಿಂತು ನೋಡಲಿ.

ಇನ್ನು ವಾಸನೆಯ ಕಥೆ.

ನಮ್ಮ ಸಾಫಿ ಬಂದರಿನ ಹೊಟ್ಟೆ ತುಂಬಿಸಿದ್ದು ಬೂತಾಯಿ. ಆದರೆ ಬೂತಾಯಿ ನಾರುವ ಹೆಂಗಸನ್ನು ಕಂಡರೆ ಸಾಫಿಗೆ ಹೇಸಿಗೆ. ಬಸ್ಸಿನಲ್ಲಿ ನಾನು ಹತ್ತಿದರೆ ಪಕ್ಕದವಳು ಸೆರಗು ಮೂಗಿಗೆ ಒತ್ತುತ್ತಾಳೆ, ಕಂಡಕ್ಟರು "ಹಿಂದಕ್ಕ್ ಹೋಗಮ್ಮ, ಕಿಟಕಿ ಹತ್ರ" ಅನ್ನುತ್ತಾನೆ. ನಿಂಬೆ ಉಜ್ಜಿದರೂ, ಬೂದಿ ಹಾಕಿ ತಿಕ್ಕಿದರೂ ಬೆರಳ ಸಂದಿಯಲ್ಲಿ ಅದು ಕೂತಿರುತ್ತದೆ. ಮಾಲೀಕನ ಮಗಳ ಮದುವೆಗೆ ನಮ್ಮನ್ನೂ ಕರೆದು ಅಂಗಳದ ಗಾಳಿಯ ಕಡೆ ಬೇರೆ ಚಾಪೆ ಹಾಸಿದ್ದರು. ಅವಳ ಮೈಮೇಲಿದ್ದ ಚಿನ್ನ ಯಾವ ವಾಸನೆಯಿಂದ ಬಂದದ್ದು ಎಂದು ಕೇಳಬೇಕಿತ್ತು. ಅವತ್ತು ಕೇಳಲಿಲ್ಲ, ತಲೆ ಬಗ್ಗಿಸಿ ಉಂಡು ಬಂದೆವು.

ನಾನು ಕೆಲಸದಿಂದ ಬಂದರೆ ಹನಿಯಾ ಎಲ್ಲಿದ್ದರೂ ಎದ್ದು ಬರುತ್ತಿದ್ದಳು. ನನ್ನ ಕೈ ಹಿಡಿದು ಜೋರಾಗಿ ಮೂಸಿ, ಹಣೆಯನ್ನು ನನ್ನ ಮಣಿಕಟ್ಟಿಗೆ ಒತ್ತಿ ತಿಕ್ಕಿ, ಮೈ ತೂಗುತ್ತಾ ಗಟ್ಟಿಯಾಗಿ ಗುನುಗುತ್ತಿದ್ದಳು. ವಾಸನೆಗೆ ಸಂಕಟ ಪಡುತ್ತಿದ್ದಾಳೆ ಎಂದುಕೊಂಡೆ. ಊರೆಲ್ಲ ಹೇಸುವಾಗ ಮಗಳೂ ಹೇಸುತ್ತಾಳೆ ಎಂದುಕೊಳ್ಳುವುದು ಬಿಟ್ಟು ನನಗೆ ಇನ್ನೇನು ಹೊಳೆದೀತು? ಅಂಜೂರದ ಮರದ ಕೆಳಗೆ ನಿಮಗೆ ಹೇಳಿದೆ. ನೀವು ಸ್ವಲ್ಪ ಯೋಚಿಸಿ, "ಈ ಮಕ್ಕಳಿಗೆ ಮೂಗು ಕಿವಿ ನಮಗಿಂತ ಚುರುಕು. ಜಾಸ್ತಿ ಆಗ್ತಿದೆಯೇನೋ. ಕಾರ್ಖಾನೆ ಹತ್ರಾನೇ ಸ್ನಾನ ಮಾಡಿ, ಬಟ್ಟೆ ಬದಲಾಯಿಸ್ಕೊಂಡು ಮನೆಗ್ ಹೋಗಿ ನೋಡು" ಅಂದಿರಿ.

ಎಷ್ಟು ಖುಷಿಯಾಯಿತು ಗೊತ್ತಾ ಅಕ್ಕ? ಕಡೆಗೂ ನಾನು ಮಾಡಬಲ್ಲ ಒಂದು ಕೆಲಸ ಸಿಕ್ಕಿತ್ತು. ಕಾರ್ಖಾನೆ ಗೇಟಿನ ಎದುರಿನ ಹಮ್ಮಾಮಿಗೆ ಹೋಗಿ, ಬಿಸಿ ಆವಿಯಲ್ಲಿ ಕೂತು, ಕರಿ ಸಾಬೂನು ಹಚ್ಚಿ, ಒರಟು ಕೈಗವಸಿನಿಂದ ಚರ್ಮ ಕೆಂಪಾಗುವ ತನಕ ತಿಕ್ಕಿಸಿಕೊಂಡೆ. ಕಿತ್ತಳೆ ಹೂವಿನ ನೀರು ಚಿಮುಕಿಸಿಕೊಂಡೆ. ಗೆಳತಿ ಕಬೂರಾ ಬಾಗಿಲಲ್ಲಿ ಕಂಡು, "ಏನೇ, ಮಿಲೂದ್ ಜೊತೆ ಇನ್ನೊಂದ್ಸಲ ಮದುವೆನಾ?" ಎಂದು ಕಣ್ಣು ಹೊಡೆದಳು. ಮದುಮಗಳ ಹಾಗೆ ಘಮಘಮ ಅನ್ನುತ್ತಾ ಮನೆಗೆ ಹೋದೆ.

ಹನಿಯಾ ಎದ್ದು ಬಂದಳು. ಕೈ ಹಿಡಿದಳು. ಮೂಸಿದಳು. ಕೈ ದೂಡಿಬಿಟ್ಟಳು. ನನ್ನ ಮುಖ ನೋಡಿದಳು, ಬಾಗಿಲು ನೋಡಿದಳು. ಆಮೇಲೆ ಅವಳ ಗಂಟಲಿಂದ ಬಂದ ಕೂಗು ನಾನು ಅದುವರೆಗೆ ಕೇಳದ ಕೂಗು. ತನ್ನ ಕೈಯನ್ನೇ ರಕ್ತ ಬರುವ ಹಾಗೆ ಕಚ್ಚಿಕೊಂಡಳು, ತಲೆಯನ್ನು ಗೋಡೆಗೆ ಚಚ್ಚಿಕೊಂಡಳು. ಪಕ್ಕದ ಮನೆಯವರು ಗೋಡೆ ಬಡಿದರು.

ಮಾರನೆಯ ದಿನವೂ ಹಾಗೇ ಆಯಿತು, ಅದರ ಮಾರನೆಯ ದಿನವೂ. ನಾನೇನು ಮಾಡಿದೆ ಹೇಳಲಾ? ತೊಳೆದದ್ದು ಸಾಲದು ಎಂದುಕೊಂಡೆ! ಇನ್ನೂ ಎಲ್ಲೋ ಮೀನು ಉಳಿದಿದೆ ಎಂದು ಬ್ಲೀಚ್ ಹಾಕಿ ಕೈ ತಿಕ್ಕಿದೆ, ಚರ್ಮ ಸೀಳುಬಿಟ್ಟಿತು. ಕೂದಲಿಗೆ ಲವಂಗದ ನೀರು ಹಾಕಿದೆ. ಒಂದೊಂದು ದಿನವೂ ಇನ್ನಷ್ಟು ಶುದ್ಧವಾಗಿ ಹೋದೆ, ಒಂದೊಂದು ದಿನವೂ ಮಗಳು ಇನ್ನಷ್ಟು ಕಚ್ಚಿಕೊಂಡಳು.

ನೀವು ಹಾದಿಯಲ್ಲಿ ಸಿಕ್ಕಾಗಲೆಲ್ಲ "ಹೇಗಿದಾಳೆ?" ಎಂದು ಕೇಳುತ್ತಿದ್ದಿರಿ. ನಾನು "ಪರವಾಗಿಲ್ಲ ಅಕ್ಕ, ಎಷ್ಟೋ ವಾಸಿ" ಅನ್ನುತ್ತಿದ್ದೆ. ಇದನ್ನು ನಿಮ್ಮ ಹುಡುಗಿಯರಿಗೆ ಎರಡು ಸಲ ಓದಿ ಹೇಳಿ. ನಾವು ತಾಯಂದಿರು ನಿಮಗೆ ಸುಳ್ಳು ಹೇಳುತ್ತೇವೆ. ನಿಜ ಹೇಳಿದಾಗಲೆಲ್ಲ ನಮಗೆ ಏಟು ಬಿದ್ದಿದೆ. ನಿಮ್ಮ ಮಾತು ಫಲ ಕೊಡಲಿಲ್ಲ ಎಂದರೆ ನೀವೂ, "ನೀನು ಸರಿಯಾಗಿ ಮಾಡಿಲ್ಲ" ಅನ್ನುತ್ತೀರಿ. ಜಗತ್ತಿನಲ್ಲಿ ನನಗೆ ಉಳಿದಿದ್ದು ಅಂಜೂರದ ಮರದ ಕೆಳಗಿನ ಒಂದು ಕುರ್ಚಿ. ಅದನ್ನು ಕಳೆದುಕೊಳ್ಳಲು ನನಗೆ ಧೈರ್ಯ ಇರಲಿಲ್ಲ. 'ಪರವಾಗಿಲ್ಲ' ಎಂದು ತಾಯಿ ಅಂದರೆ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಎದ್ದುಹೋಗಬೇಡಿ. ಅವಳ ಕೈ ನೋಡಿ. ನನ್ನ ಕೈ ಸೀಳುಬಿಟ್ಟಿತ್ತು.

ಮನೆಯಲ್ಲಿ ಇದು ಎಲ್ಲಿಗೆ ಮುಟ್ಟಿತು ನಿಮಗೆ ಗೊತ್ತು. ಮನೆ ಮಾಲೀಕ ಖಾಲಿ ಮಾಡಿ ಅಂದ. ಅತ್ತೆ ತಾಮೂ ಹಗಲೆಲ್ಲ ಹನಿಯಾಳನ್ನು ನೋಡಿಕೊಳ್ಳುವವಳು, ಮಂಡಿ ನೋವಿನ ಮುದುಕಿ. ಅವಳೂ ಸೋತಿದ್ದಳು. "ಜಿನ್ನು ಕಣೇ ಇದು. ನೀನು ಘಂ ಅನ್ಕೊಂಡ್ ಬಂದ್ರೆ ಅದಕ್ಕಾಗಲ್ಲ, ಮಗು ಮೈಮೇಲೆ ಸೇಡು ತೀರಿಸ್ಕೊಳ್ಳತ್ತೆ" ಅಂದಳು. ಆ ಮಾತಿನ ಅರ್ಧ ನಿಜವಾಗಿತ್ತು ಎಂದು ಆಗ ಯಾರಿಗೆ ಗೊತ್ತಿತ್ತು! ನನ್ನ ಗಂಡ ಮಿಲೂದನ ಅಣ್ಣ ಬೂಶ್ತಾ ಒಳನಾಡಿನಲ್ಲಿ ಕುರಿ ಸಾಕುವವನು. ಅವನು ಒಂದು ದಾರಿ ಹೇಳಿದ. ಗುಡ್ಡದ ಮೇಲೊಂದು ದರ್ಗಾ ಇದೆ, ಅಲ್ಲಿನ ಮುಜಾವರ ಇಂಥವರನ್ನು ಇಟ್ಟುಕೊಳ್ಳುತ್ತಾನೆ, ದೊಡ್ಡ ಹಬ್ಬಕ್ಕೆ ಕುರಿ ತಂದುಕೊಟ್ಟು ಹಿಂದಿರುಗುವಾಗ ಹುಡುಗಿಯನ್ನು ಕರೆದೊಯ್ಯುತ್ತೇನೆ ಎಂದ. ಇಟ್ಟುಕೊಳ್ಳುತ್ತಾನೆ ಅಂದರೆ ಏನು ಎಂದು ಆ ದಾರಿಯಲ್ಲಿ ಹೋಗಿಬಂದವರನ್ನು ಕೇಳಿ. ಗೋಡೆಗೆ ಕಬ್ಬಿಣದ ಬಳೆ ಹೊಡೆದಿರುತ್ತಾರೆ, ಬಳೆಗೆ ಸರಪಳಿ ಹಾಕಿರುತ್ತಾರೆ.

ನಾನು ಕಿರುಚಾಡಿದೆ. ಮಿಲೂದ್, "ಹಾಗಾದ್ರೆ ಕೆಲಸ ಬಿಟ್ಟು ಮನೇಲಿ ಕೂತ್ಕೋ. ಬಾಡಿಗೆ ನೀನ್ ಕಟ್ತೀಯಾ, ನಾನ್ ಕಟ್ಲಾ? ಅವಳ ಕೈ ನೋಡು, ತಿಂದ್ಹಾಕಿದಾಳೆ. ನೋಡ್ಕೊಂಡು ಇರೋಕಾಗಲ್ಲ ನನ್ ಕೈಲಿ" ಎಂದು ಮುಖ ತಿರುಗಿಸಿ ಅತ್ತ. ಅವನೂ ಕೆಟ್ಟವನಲ್ಲ. ನಮ್ಮಂಥವರನ್ನು ಸರಪಳಿಗೆ ಕಳಿಸುವವರು ಕೆಟ್ಟವರೇ ಆಗಿರಬೇಕೆಂದಿಲ್ಲ. ದಾರಿ ಕಾಣದವರಾದರೆ ಸಾಕು. ದಾರಿ ತೋರಿಸಬೇಕಾದ ಆಸ್ಪತ್ರೆ "ಮುಂದಿನೋರು" ಎಂದರೆ ಗುಡ್ಡದ ಮೇಲಿನ ಮುಜಾವರ "ಒಳಗ್ ಬನ್ನಿ" ಅನ್ನುತ್ತಾನೆ. ಲೆಕ್ಕ ಅಷ್ಟೇ.

ಬೂಶ್ತಾ ಶುಕ್ರವಾರ ಬರುತ್ತೇನೆ ಅಂದವನು ಗುರುವಾರವೇ ಬಂದ. ನಾನು ಕೆಲಸದಲ್ಲಿರುವ ಹೊತ್ತು ನೋಡಿಕೊಂಡೇ ಬಂದ. ದೋಣಿಯಲ್ಲಿ ಮೀನು ಹಿಡಿಯುವ ಮಿಲೂದ್ ಅಂದು ಸಮುದ್ರಕ್ಕೆ ಇಳಿದಿರಲಿಲ್ಲ. ನಾವು ಮಂಡಿಯ ತನಕ ಮೀನಿನಲ್ಲಿ ನಿಂತಿದ್ದೆವು. ಕಬೂರಾಳ ಮೊಬೈಲು ಬಡಿದುಕೊಂಡಿತು. ಆ ಕಡೆ ನನ್ನ ಅತ್ತೆ. "ಕಬೂರಾ, ಗಾಡಿ ಬಂದ್ಬಿಟ್ಟಿದೆ ಕಣೇ. ನಮ್ಮವಳಿಗೆ ಹೇಳು. ನಾನ್ ಹೇಳ್ದೆ ಅನ್ಬೇಡ." ಜಿನ್ನು ಜಿನ್ನು ಎಂದು ಹಲ್ಲು ಕಡಿದವಳೇ, ಗಾಡಿ ಬಾಗಿಲಿಗೆ ಬಂದಾಗ ತಡೆದುಕೊಳ್ಳಲಾರದೆ ಹೋದಳು.

ಕತ್ತರಿ ಎಸೆದು ಓಡಿದೆ. ಗೇಟಿನಲ್ಲಿ ಮೇಸ್ತ್ರಿ, "ಹೊತ್ತಿಗೆ ಮುಂಚೆ ದಾಟಿದ್ರೆ ನಾಳೆ ಬರೋದ್ ಬೇಡ!" ಎಂದು ಕೈ ಅಡ್ಡ ಹಿಡಿದ. ನನ್ನ ಹಿಂದೆಯೇ ಓಡಿ ಬಂದ ಕಬೂರಾ, "ನಾಳೆ ನೀನೇ ಕೊಯ್ಯಪ್ಪ, ಕೈ ಬೆಣ್ಣೆ ಹಂಗಿದೆ ನಿಂದು!" ಎಂದು ಅವನ ಕೈಯನ್ನು ಕರುಳು ಮೆತ್ತಿದ ಕೈಯಿಂದ ಸರಿಸಿದಳು. ಹಮ್ಮಾಮು ಎದುರಿಗೇ ಇತ್ತು. ಅದರ ಮುಂದೆಯೇ ಓಡಿದೆ. ಬಿಳಿ ಬೂಟು, ಏಪ್ರನ್, ಮೊಣಕೈ ತನಕ ಮೀನಿನ ಹುರುಪೆ.

ಓಣಿಯ ಬಾಯಲ್ಲಿ ಪಿಕಪ್ ಗಾಡಿ ನಿಂತಿತ್ತು, ಹಿಂದುಗಡೆ ಹಬ್ಬದ ಕುರಿ. ಬೂಶ್ತಾ ಹನಿಯಾಳ ಕಾಲು ಹಿಡಿದಿದ್ದ, ಅವಳ ಅಪ್ಪ ತೋಳು. ಅವಳ ಕಿರುಚಾಟ ಆಸ್ಪತ್ರೆಗೆ ಕೇಳಿ ನೀವು ಬಂದಿದ್ದಿರಿ. ಗಾಡಿಯ ಮೂತಿಗೆ ಬೆನ್ನು ಕೊಟ್ಟು ನಿಂತಿದ್ದಿರಿ.

"ಸೂಜಿ ಚುಚ್ಚೋಳು ಸೂಜಿ ಚುಚ್ಚು ಹೋಗಮ್ಮ. ಇದು ಮನೆ ವಿಷ್ಯ" ಅನ್ನುತ್ತಿದ್ದ ಬೂಶ್ತಾ.

"ತಾಯಿ ಬರ್ಲಿ. ಅಲ್ಲೀವರ್ಗೂ ಗಾಡಿ ಹೋಗಲ್ಲ. ಹೋಗೋದಾದ್ರೆ ನನ್ ಮೇಲೆ ಹತ್ತಿಸ್ಕೊಂಡ್ ಹೋಗು" ಎಂದಿರಿ. ನಿಮ್ಮ ಕಾಲು ಕದಲಲಿಲ್ಲ.

ಆಗ ನಾನು ಬಂದೆ. ಬಂದವಳು ಏನು ಮಾಡಿದೆ ಹೇಳಲಾ? ನಿಂತುಬಿಟ್ಟೆ. ತೊಳೆದಿಲ್ಲ ಎಂದು ನೆನಪಾಯಿತು. ಮಗಳನ್ನು ಕಣ್ಣೆದುರೇ ಎಳೆದೊಯ್ಯುತ್ತಿದ್ದಾರೆ, ನಾನು ಎರಡು ಕೈಯನ್ನೂ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತೆ. ಊರು ಕಲಿಸಿದ ನಾಚಿಕೆ ಎಷ್ಟು ಆಳಕ್ಕೆ ಇಳಿದಿರುತ್ತದೆ ನೋಡಿ!

ಗಾಳಿ ಸಮುದ್ರದ ಕಡೆಯಿಂದ, ನನ್ನ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ಹನಿಯಾಳ ಕೂಗು ನಡುವೆಯೇ ನಿಂತಿತು. ಮೂಗು ಅರಳಿಸಿ ತಿರುಗಿದಳು. ಕೊಸರಿದಳು. ಗಂಡಸರಿಬ್ಬರೂ ಅವಳ ಸದ್ದಡಗಿದ್ದಕ್ಕೇ ಬೆರಗಾಗಿ ಹಿಡಿತ ಸಡಿಲಿಸಿದರು. ಓಡಿ ಬಂದು ನನ್ನ ಬೆನ್ನ ಹಿಂದೆ ಕೈ ಹಾಕಿ, ಬಚ್ಚಿಟ್ಟ ಕೈಯನ್ನು ಹೊರಗೆಳೆದಳು. ಮೂಸಿದಳು. ಹಣೆಯನ್ನು ಮಣಿಕಟ್ಟಿಗೆ ಒತ್ತಿದಳು. ಏಪ್ರನ್ನಿನಲ್ಲಿ ಮುಖ ಹುದುಗಿಸಿ ಗುನುಗಲು ಶುರುಮಾಡಿದಳು, ಅದೇ ಹಳೆಯ ಗುನುಗು. ಅವಳ ಕೆನ್ನೆಗೆ ಹುರುಪೆ ಅಂಟಿಕೊಂಡು ಹೊಳೆಯಿತು.

ನೀವು ಗಾಡಿ ಬಿಟ್ಟು ಮುಂದೆ ಬಂದು ನನ್ನ ಕೈ ನೋಡಿದಿರಿ, ಹುರುಪೆಯ ಕೆಳಗಿನ ಸೀಳುಗಳನ್ನು ನೋಡಿದಿರಿ. ಆಮೇಲೆ ಓಣಿಯ ಅಷ್ಟೂ ಬಾಗಿಲಿಗೆ, ಅಷ್ಟೂ ಕಿಟಕಿಗೆ ಕೇಳುವ ಹಾಗೆ ಹೇಳಿದಿರಿ: "ತಪ್ಪು ನಂದು. ಕೇಳಿಸ್ಕೊಳ್ಳಿ ಎಲ್ಲಾರೂ. ಜಿನ್ನೂ ಇಲ್ಲ, ತಾಯಿ ತಪ್ಪೂ ಇಲ್ಲ. ತೊಳ್ಕೊಂಡು ಹೋಗು ಅಂದವಳು ನಾನು. ಈ ಮಗುಗೆ ತಾಯಿ ಅಂದ್ರೆ ಈ ವಾಸನೆ. ನಾನದನ್ನ ತೊಳೆಸ್ಬಿಟ್ಟೆ. ಸಂಜೆ ಆದ್ರೆ ಅವಳಮ್ಮ ಬರ್ತಿರ್ಲಿಲ್ಲ, ಹೂವಿನ ನೀರು ಹಾಕ್ಕೊಂಡ ಯಾರೋ ಬರ್ತಿದ್ರು. ನೀವಾಗಿದ್ರೆ ಕಿರುಚ್ತಿರ್ಲಿಲ್ವಾ?"

ಅಕ್ಕ, ಆ ಹುಡುಗಿಯರಿಗೆ ಇಲ್ಲಿ ಸ್ವಲ್ಪ ನಿಲ್ಲಿಸಿ ಹೇಳಿ. ಹನಿಯಾ ಹುಟ್ಟಿದಂದಿನಿಂದ ಬಂದವರೆಲ್ಲ ನನ್ನ ತಲೆಯ ಮೇಲೆ ಒಂದೊಂದು ಕಲ್ಲಿಟ್ಟು ಹೋಗಿದ್ದರು. ಅವತ್ತು ಒಬ್ಬಳು, ಬಿಳಿ ಕೋಟಿನವಳು, ಒಂದು ಕಲ್ಲನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು. ನಿಮಗೆ ಮೊದಲು ವಾಸನೆಯ ಮರ್ಮ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ತಿಳಿದಿರಬೇಕು ಎಂದು ನಾವು ಕೇಳುವುದಿಲ್ಲ. ತಿಳಿಯದೆ ಹೇಳಿದ್ದು ತಪ್ಪಿದಾಗ ಅದು ನಮ್ಮ ಮೇಜಿನದಲ್ಲ, ತಮ್ಮ ಮೇಜಿನದು ಎಂದು ಅನ್ನುವ ಎದೆ ಇದ್ದರೆ ಸಾಕು.

ಬೂಶ್ತಾ ಮಾತ್ರ ಬಿಡಲಿಲ್ಲ. "ಮೀನ್ ನಾತಕ್ಕೆ ಸುಮ್ನಾಗೋದು ಹುಚ್ಚಲ್ದೆ ಇನ್ನೇನು?" ಅಂದ.

ಏದುಸಿರು ಬಿಡುತ್ತಾ ಬಂದ ಕಬೂರಾ ಸೊಂಟದ ಮೇಲೆ ಕೈ ಇಟ್ಟಳು. "ಓಹೋ! ಮೀನ್ ನಾತ ಇಷ್ಟಪಡೋರನ್ನೆಲ್ಲ ಕಟ್ ಹಾಕೋದಾದ್ರೆ ನಿನ್ ತಮ್ಮನ್ನೂ ಹತ್ತಿಸ್ಕೋ. ಮೀನ್ ಕೊಯ್ಯೋ ಇವಳನ್ನ ಕಟ್ಕೊಂಡು ಸಂಸಾರ ಮಾಡ್ತಿಲ್ವಾ!"

ಓಣಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಿಲೂದ್ ನಗಲಿಲ್ಲ. ತನ್ನ ತೋಳನ್ನು ಮೂಗಿನ ಹತ್ತಿರ ತಂದು ಸುಮ್ಮನೆ ಮೂಸಿಕೊಂಡ. ಮಗಳನ್ನು ನೋಡಿದ. ಆಮೇಲೆ ಅಂದ, "ಅಣ್ಣ, ಕುರಿ ಇಳಿಸು. ಮಗು ಇರ್ಲಿ."

ಅಷ್ಟೇ. ಪವಾಡ ಏನೂ ನಡೆಯಲಿಲ್ಲ. ಹನಿಯಾ ಈಗಲೂ ಮಾತಾಡುವುದಿಲ್ಲ, ಈಗಲೂ ಕೆಲವು ದಿನ ಕಚ್ಚಿಕೊಳ್ಳುತ್ತಾಳೆ. ಆದರೆ ಕಚ್ಚಿಕೊಂಡಾಗ ಏನು ತಪ್ಪಿಹೋಯಿತು ಎಂದು ನಾವು ಹುಡುಕುತ್ತೇವೆ. ಮೊದಲು ಯಾರು ತಪ್ಪು ಮಾಡಿದರು ಎಂದು ಹುಡುಕುತ್ತಿದ್ದೆವು. ಆಮೇಲಿನದನ್ನೆಲ್ಲ ನೀವು ಕೇಳಿ ಕೇಳಿ ಮಾಡಿದಿರಿ. ಹಳೆಯ ಏಪ್ರನ್ನಿನ ತುಂಡೊಂದನ್ನು, ನಾನು ಕೆಲಸಕ್ಕೆ ಹೋದಾಗ ಅವಳ ಕೈಗೆ ಕೊಟ್ಟು ನೋಡೋಣವಾ ಎಂದು ಕೇಳಿದಿರಿ. ಅದನ್ನು ಕೆನ್ನೆಗೆ ಒತ್ತಿಕೊಂಡು ಕೂರುತ್ತಾಳೆ ಈಗ, ಅತ್ತೆಯ ಮಂಡಿಗೂ ಬಿಡುವು. ದೋಣಿ ಬಂದಾಗ ನಮ್ಮನ್ನು ಕರೆಯಲು ಬರುವ ಕಾರ್ಖಾನೆ ವ್ಯಾನು ಓಣಿಯಲ್ಲಿ ಹಾರ್ನ್ ಹೊಡೆದರೆ ಅವಳ ಪ್ರಾಣ ಹೋಗುತ್ತಿತ್ತು. ಅದನ್ನು ನೀವು ಕೇಳಿಸಿಕೊಂಡಿರಿ, ನಾವು ಸಂಘದಲ್ಲಿ ಎತ್ತಿದೆವು. ಮೇಸ್ತ್ರಿ ಗಹಗಹಿಸಿದ, "ಒಂದ್ ಹುಚ್ಚ್ ಹುಡುಗಿಗೋಸ್ಕರ ಹಾರ್ನ್ ನಿಲ್ಲಿಸ್ಬೇಕಾ?" ಮಾರನೆಯ ದಿನ ಮೀನು ಬಂದು ಬಿದ್ದಿತ್ತು, ಮೇಜಿನ ಮುಂದೆ ಒಬ್ಬಳೂ ಕತ್ತರಿ ಎತ್ತಲಿಲ್ಲ. ಬಿಸಿಲು ಏರಿತು, ಮೀನು ಮೆತ್ತಗಾಗತೊಡಗಿತು, ಮಾಲೀಕ ತಾನೇ ಇಳಿದು ಬಂದ. ಈಗ ಹಾರ್ನ್ ಇಲ್ಲ. ಕಬೂರಾ ಬಂದು ಬಾಗಿಲು ತಟ್ಟುತ್ತಾಳೆ.

ನೀವು ಆ ಶಾಲೆಗೆ ಕಲಿಸಲು ಹೋದ ಮೇಲೆ ಇಲ್ಲಿಗೆ ಬಂದ ಹೊಸ ನರ್ಸ್ ಅಂಜೂರದ ಮರದ ಕೆಳಗಿನ ಕುರ್ಚಿಗಳನ್ನು ಒಳಗೆ ಇಡಿಸಿದಳು. ನಾವು ಹೊರಗೆ ತಂದೆವು. ಮತ್ತೆ ಒಳಗೆ ಇಡಿಸಿದಳು. ಮತ್ತೆ ತಂದೆವು. ಈಗ ಅವಳೇ ಬಂದು ಕೂರುತ್ತಾಳೆ. ಅಲ್ಲಿ ಕೂರುವ ತಾಯಂದಿರು ಹೆಚ್ಚಾಗಿದ್ದಾರೆ ಅಕ್ಕ. ಒಬ್ಬೊಬ್ಬಳೂ ಈ ಊರಲ್ಲಿ ಇಂಥ ಮಗು ಹೆತ್ತವಳು ತಾನೊಬ್ಬಳೇ ಎಂದುಕೊಂಡು ಬಾಗಿಲು ಹಾಕಿಕೊಂಡಿದ್ದವಳು. ಮಕ್ಕಳು ಬೀಜ ಸಾಲಿಡುತ್ತವೆ, ನಾವು ಪುದೀನ ಚಹಾ ಕುಡಿದು ಗಂಡಂದಿರನ್ನು ಬೈಯುತ್ತೇವೆ, ಆಮೇಲೆ ಹೊಸ ನರ್ಸಿಗೆ ನಿಜ ಹೇಳುತ್ತೇವೆ. ಸ್ವಲ್ಪ ಸ್ವಲ್ಪ ಹೇಳುತ್ತೇವೆ. ಮೊದಲ ದಿನವೇ ಎಲ್ಲ ಹೇಳಲಿಲ್ಲ ಎಂದು ಅವಳೂ ಮುನಿಸಿಕೊಳ್ಳುವುದಿಲ್ಲ.

ನಿಮ್ಮ ಪಾಠದ ಪುಸ್ತಕದಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ನಾನು ಹೇಳುವುದು ಇದು. ಹುಡುಗಿಯರೇ, ನಾಳೆ ನೀವು ಕಿಟಕಿಯ ಹಿಂದೆ ಕೂರುತ್ತೀರಿ. ಕಿರುಚುವ ಮಗುವನ್ನು ಎಳೆದುಕೊಂಡು ಒಬ್ಬಳು ಬರುತ್ತಾಳೆ. ಅವಳ ಮೈ ನಾರುತ್ತಿರಬಹುದು, ನಾಲಿಗೆ ಒರಟಾಗಿರಬಹುದು, ನೀವು ಕರುಣೆ ತೋರಿಸಿದರೆ ಕಚ್ಚಲು ಬರಬಹುದು. ಅವಳಿಗೆ ಬುದ್ಧಿ ಹೇಳುವವರು ಓಣಿ ತುಂಬ ಇದ್ದಾರೆ. ನೀವು ಎದ್ದು ಹೊರಗೆ ಬನ್ನಿ. ಒಂದು ಕುರ್ಚಿ ಹಾಕಿ. ಉಂಡೆಯಾ ಎಂದು ಕೇಳಿ, ಉತ್ತರ ಬರುವ ತನಕ ಕಾಯಿರಿ.

ಹೆಚ್ಚೇನು ಬರೆಯಲಿ. ನಿಮ್ಮ ಬೆನ್ನುನೋವು ಹೇಗಿದೆ? ಗಾಡಿಗೆ ಬೆನ್ನು ಕೊಡುವಾಗ ನೆನಪಿರಲಿಲ್ಲ ಅದು! ಅತ್ತೆ ನಿಮ್ಮನ್ನು ಕೇಳಿದಳು. ಮಿಲೂದ್ ಕೇಳಲಿಲ್ಲ, ಆದರೆ ನಾನು ಬರೆಯುವಾಗ ಮೂರು ಸಲ ಬಂದು ಇಣುಕಿ ಹೋದ.

ನಿಮ್ಮ ತಂಗಿ, ಮೀನು ಕೊಯ್ಯುವ
ಮಹ್ಜೂಬಾ

ಮರೆತ ಮಾತು: ನಾವು ತಾಯಂದಿರು ಸುಳ್ಳು ಹೇಳುತ್ತೇವೆ ಎಂದು ಬರೆದೆನಲ್ಲ, ಈ ಪತ್ರದಲ್ಲೂ ಒಂದಿದೆ. ಸಾಫಿಯಲ್ಲಿ ಅಷ್ಟು ದಿನ ಇದ್ದವರು ನೀವು, ಮೊದಲಿಗೇ ಹಿಡಿದಿರುತ್ತೀರಿ. ಬೂತಾಯಿ ಮೊಟ್ಟೆಯಿಡುವ ಕಾಲ ಇದು, ಸರ್ಕಾರ ಸಮುದ್ರ ಮುಚ್ಚಿದೆ. ಒಂದು ದೋಣಿಯೂ ಇಳಿದಿಲ್ಲ, ಕಾರ್ಖಾನೆಗೆ ಬೀಗ, ನಾನು ಮನೆಯಲ್ಲೇ ಇದ್ದೇನೆ. ಬರಲಾರೆ ಅಂದದ್ದು ಬೇರೆ ಭಯಕ್ಕೆ. ಅಷ್ಟು ಬಿಳಿ ಕೋಟಿನ ಹುಡುಗಿಯರು ಕೂತ ಕೋಣೆಗೆ ನಾನು ಕಾಲಿಟ್ಟ ಕೂಡಲೇ ಯಾರಾದರೊಬ್ಬಳು ಎದ್ದು ಕಿಟಕಿ ತೆರೆಯುತ್ತಾಳೆ. ಅದೊಂದು ಸದ್ದಿಗೆ ಹೆದರಿದೆ. ಇಷ್ಟುದ್ದ ಬರೆದು ಓದಿ ನೋಡಿದ ಮೇಲೆ ನನ್ನ ಹೆದರಿಕೆಯ ಮೇಲೆ ನನಗೇ ಸಿಟ್ಟು ಬಂತು. ಈ ಕಾಗದವನ್ನು ಹುಡುಗಿಯರಿಗೆ ನೀವು ಓದಿ ಹೇಳಬೇಡಿ, ಬಂದು ನಾನೇ ಓದುತ್ತೇನೆ. ಗುರುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇವೆ, ಹನಿಯಾಳೂ ಬರುತ್ತಾಳೆ. ಸಮುದ್ರ ಮುಚ್ಚಿದಂದಿನಿಂದ ಅವಳಿಗೋಸ್ಕರ ಏಪ್ರನ್ ಒಂದನ್ನು ತೊಳೆಯದೆ ಕಟ್ಟಿಟ್ಟಿದ್ದೇನೆ, ಅದನ್ನೇ ತೊಟ್ಟು ಬರುತ್ತೇನೆ. ಟ್ಯೂಬ್‌ಲೈಟು ಆರಿಸಿಡಿ. ಕಿಟಕಿ ತೆರೆಯಬೇಡಿ.